ನಿಂಬೆಹಣ್ಣಿನ ಸಾಕ್ಷಿ

ಸಿತಾರಾ ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ಚೂರಿಯ ಅಲಗನ್ನು ತನ್ನ ಬಿಳಿ ಕರವಸ್ತ್ರಕ್ಕೆ ಒರೆಸಿದಳು. ಆಮೇಲೆ ಕರವಸ್ತ್ರವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ರಸದ ಒದ್ದೆ ಬಿಟ್ಟರೆ ಅದರ ಮೇಲೆ ಬೇರೇನೂ ಇರಲಿಲ್ಲ.

“ಏನ ಕಾಣತೈತ್ರಿ ಸಾವಕಾರ?”

“ಏನೂ ಕಾಣವಲ್ದು,” ರಾಜಶೇಖರ ಗೊಣಗಿದ.

“ಅದನ್ನ ನೋಡ್ರಿ ಅಂತ ಹೇಳಾಕತ್ತೇನಿ.”

ಅರಳೆ ವ್ಯಾಪಾರಿ ರಾಜಶೇಖರನಿಗೆ ಒಗಟು ಎಂದರೆ ಆಗದು. ದೇಶಪಾಂಡೆ ನಗರದ ತನ್ನದೇ ಮನೆಯ ಪಡಸಾಲೆಯಲ್ಲಿ, ತನ್ನದೇ ಸೋಫಾದ ಮೇಲೆ, ಪರೀಕ್ಷೆಗೆ ಕುಳಿತ ಹುಡುಗನಂತೆ ಮುದುರಿ ಕೂರುವುದಂತೂ ಇನ್ನಷ್ಟು ಆಗದು. ಪಕ್ಕದಲ್ಲಿ ತಮ್ಮ ಶಶಿಕುಮಾರ ಮೊಬೈಲಿನಲ್ಲಿ ಮುಖ ಹುದುಗಿಸಿದ್ದ. ದೇವರ ಕೋಣೆಯ ಬಾಗಿಲಿಗೆ ಒರಗಿ ಅವರ ತಾಯಿ ಮುರಿಗೆವ್ವ ಕುಳಿತಿದ್ದಳು. ಹಣೆಯ ಮೇಲೆ ವಿಭೂತಿ, ಸೊಂಟದಲ್ಲಿ, ಪೂಜೆಯ ಚೂರಿ ಇಡುವ ದೇವರ ಜಗಲಿಯ ಕೀಲಿಕೈ.

ಮನೆತನದ ಪೂಜೆಯ ಚೂರಿ ನಕಲಿಯಾಗಿದೆ, ಹಿಡಿಕೆ ಕೂಡಿಸಲು ಕೊಟ್ಟಾಗ ಕಮರಿಪೇಟೆಯ ಸಾಣೆಗಾರ ಮುಕ್ತಾರನೇ ಅಸಲಿಯನ್ನು ಬದಲಾಯಿಸಿದ್ದಾನೆ ಎಂಬ ರಾಜಶೇಖರನ ದೂರಿನ ಮೇಲೆ ಪೊಲೀಸರು ನಿನ್ನೆಯಿಂದ ಆ ಹುಡುಗನನ್ನು ಠಾಣೆಯಲ್ಲಿ ಕೂರಿಸಿಕೊಂಡಿದ್ದರು. ಇವತ್ತು ಸಂಜೆ ಕೇಸು ದಾಖಲಾಗುವುದರಲ್ಲಿತ್ತು. ಒಮ್ಮೆ ದಾಖಲಾಯಿತೆಂದರೆ ಮುಗಿಯಿತು. ಕಳ್ಳನೆಂಬ ಹೆಸರು ಹೊತ್ತ ಸಾಣೆಗಾರನ ಕೈಗೆ ಊರಿನಲ್ಲಿ ಯಾರೂ ತಮ್ಮ ಕತ್ತರಿಯನ್ನೂ ಕೊಡುವುದಿಲ್ಲ. ಅದಕ್ಕೇ ಮುಕ್ತಾರನ ಅಪ್ಪ ಮಕಬೂಲಸಾಬ ಸಿತಾರಾಳ ಹತ್ತಿರ ಓಡಿ ಬಂದದ್ದು.

ಬಂದದ್ದು ಸರಿಯಾದ ಜಾಗಕ್ಕೇ. ಸಿತಾರಾ ಹುಬ್ಬಳ್ಳಿಯಲ್ಲೇ ಇಂಜಿನಿಯರಿಂಗ್ ಓದಿ, ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲವು ವರ್ಷ ಉಕ್ಕನ್ನು ಮುರಿದು ನೋಡುವ ಕೆಲಸ ಮಾಡಿದವಳು. ಉಕ್ಕಿಗಿಂತ ಮನುಷ್ಯರು ಬೇಗ ಮುರಿಯುತ್ತಾರೆ ಎಂದು ಗೊತ್ತಾದ ಮೇಲೆ ಪತ್ತೇದಾರಿಕೆಗೆ ಇಳಿದಳು. ಎರಡೂ ವಿದ್ಯೆ ಒಟ್ಟಿಗೆ ಬೇಕಾದ ಕೇಸು ಸಿಕ್ಕಿದ್ದು ಇದೇ ಮೊದಲು. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಿರಲಿಲ್ಲ.

“ಇದು ಕೆಟ್ಟ ಚೂರಿ ಅಲ್ರಿ,” ಎಂದಳು ಅಲಗನ್ನು ತಿರುಗಿಸುತ್ತ. “ಅಡಗಿ ಮನ್ಯಾಗ ಇದ್ರ ನಾನ ಹೊಗಳತಿದ್ದೆ. ಸ್ಟೇನ್‌ಲೆಸ್ ಉಕ್ಕು. ತುಕ್ಕ ಹಿಡಿಯಂಗಿಲ್ಲ, ಹುಳಿ ತಾಗಿದ್ರ ಕಪ್ಪಾಗಂಗಿಲ್ಲ. ತೊಳದ ಒರಸೋದ ಮರತ್ರೂ ಸಿಟ್ಟ ಮಾಡಂಗಿಲ್ಲ. ಆದ್ರ ಇಂಥಾದಕ್ಕ ಪುಣೇದ ಗಿರಾಕಿ ಒಂದ ಫ್ಲ್ಯಾಟಿನ ರೊಕ್ಕ ಕೊಡಂಗಿಲ್ಲ.”

“ಮೈಮ್ಯಾಲೆ ಗೆರಿ ಅದಾವಲ್ಲ, ನೀರಿನ ಅಲಿ ಹಂಗ?” ರಾಜಶೇಖರ ಕೇಳಿದ. “ನಮ್ಮ ಚೂರಿಗೂ ಹಂಗ ಇದ್ದೂವು.”

ಸಿತಾರಾ ಚೀಲದಿಂದ ಎಮರಿ ಕಾಗದದ ತುಂಡು ತೆಗೆದಳು. ಹಿಡಿಕೆಯ ಹತ್ತಿರ ಉಗುರಿನಷ್ಟು ಜಾಗವನ್ನು ಗಸಗಸ ತಿಕ್ಕಿದಳು. ಅಲೆಗಳು ಅಳಿಸಿಹೋಗಿ ಬೋಳು ಉಕ್ಕು ಹೊಳೆಯಿತು. ಸಣ್ಣ ಬಾಟಲಿಯಿಂದ ಒಂದು ಹನಿ ಆಸಿಡ್ ಬಿಟ್ಟು ಕಾದಳು. ಏನೂ ಏಳಲಿಲ್ಲ.

“ಇವು ಮ್ಯಾಲೆ ಬರದ ಗೆರಿ. ಬರದದ್ದು ಅಳಸ್ತೈತಿ. ನಿಮ್ಮ ಅಸಲಿ ಚೂರಿ ಮೂಸಿಯೊಳಗ, ಅಂದ್ರ ಮಣ್ಣಿನ ಕುಡಿಕಿಯೊಳಗ, ಕರಗಿಸಿದ ಉಕ್ಕಿಂದು, ಇದೇ ಸೀಮಿಯೊಳಗ ಹಿಂದಕ ಮಾಡತಿದ್ದರಲ್ಲ, ಅದು. ಭಾಳ ಉರಿ ಕೊಟ್ರ ಒಡೀತೈತಿ, ಕಡಿಮಿ ಕೊಟ್ರ ಬಗ್ಗಂಗಿಲ್ಲ, ಸಾವಕಾಶ ಬಡೀಬೇಕು. ಅದರಾಗ ಇಂಗಾಲ ಭಾಳ. ಹಿಂಗಾಗಿ ಹರಿತ ಹಿಡೀತಂದ್ರ ಲಗೂ ಬಿಡಂಗಿಲ್ಲ. ಅದರ ಗೆರಿ ಉಕ್ಕಿನ ಹೊಟ್ಟಿಯೊಳಗಿಂದ ಬಂದಿರತಾವ. ತಿಕ್ಕಿ ಅಳಸ್ರಿ, ಒಂದ ಹನಿ ಆಸಿಡ್ ಹಚ್ಚಿದ ಕೂಡ್ಲೆ ಮತ್ತ ಎದ್ದ ಕುಂದರತಾವ. ಗಿರಾಕಿ ರೊಕ್ಕ ಕೊಡೋದು ಅದಕ್ಕ.”

ಶಶಿಕುಮಾರ ಮೊಬೈಲಿನಿಂದ ತಲೆ ಎತ್ತಿದ. ಚೂರಿ ಮಾರಲೆಂದು ಪುಣೆಯ ಗಿರಾಕಿಯನ್ನು ಹುಡುಕಿ ತಂದವನು ಅವನೇ. “ಮೇಡಂ, ಇದು ನಕಲಿ ಅಂತ ಆ ಗಿರಾಕಿನೂ ಹೇಳಿ ಹ್ವಾದ. ಫೋಟೋದಾಗ ಒಂದ ತೋರ್ಸಿ, ಕೈಯಾಗ ಒಂದ ಕೊಟ್ಟೀರಿ ಅಂತ ನನ್ನ ಮಾನ ಕಳದ. ನಮಗ ಬೇಕಾಗಿದ್ದು ಯಾರ ಬದ್ಲಿ ಮಾಡಿದ್ರು ಅನ್ನೋದು.”

“ಯಾರು ಅನ್ನೋದು ಆಮ್ಯಾಲೆ. ಮೊದಲ ಯಾವಾಗ ಅನ್ನೋದ ನೋಡೂಣು.”

“ಅದರಾಗ ನೋಡೋದೇನೈತಿ?” ರಾಜಶೇಖರನ ದನಿ ಏರಿತು. “ದಸರಾದ ನವಮಿ ದಿವ್ಸ ಆಯುಧಕ್ಕ ಖಂಡೇಪೂಜಿ ಮಾಡೇವಿ. ನಾನ ನನ್ನ ಕೈಯಾರೆ ನಮ್ಮ ಅಸಲಿ ಚೂರಿಲೆ ಲಿಂಬಿಹಣ್ಣ ಕೊಯ್ದೇನಿ. ಆವಾಗ ಹಿಡಿಕಿ ಅಲಗ್ಯಾಡತಿತ್ತು. ಮರುದಿವ್ಸ ಮುಕ್ತಾರಗ ಕೊಟ್ಟೆ. ತಂದ ಕೊಟ್ಟಾಗ ನಕಲಿ. ನಡು ಬ್ಯಾರೆ ಯಾರೂ ಮುಟ್ಟಿಲ್ಲ.”

“ಅದಕ್ಕ ಅಂವನ್ನ ಠಾಣೇದಾಗ ಕುಂದ್ರಿಸೀರಿ.”

ದೇವರ ಕೋಣೆಯ ಬಾಗಿಲಲ್ಲಿ ಬಳೆಗಳು ಸದ್ದು ಮಾಡಿದವು. ಮುರಿಗೆವ್ವ ನೆಟ್ಟಗೆ ಕುಳಿತಿದ್ದಳು. “ಯಾರನ್ನ ಕುಂದ್ರಿಸೀರಿ? ಮುಕ್ತಾರನ್ನ? ಊರಿಗಿ ಹೋಗ್ಯಾನ ಅಂದಿದ್ದೆಲ್ಲೋ ರಾಜಾ!”

“ನೀ ಸುಮ್ಮನಿರವಾ, ನಿನಗ ಬಿ.ಪಿ. ಐತಿ.”

ಸೊಂಟದ ಕೀಲಿಕೈಯನ್ನು ಮುದುಕಿ ಗಟ್ಟಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡದ್ದನ್ನು ಸಿತಾರಾ ನೋಡಿದಳು.

“ಅವ್ವಾರ,” ಎಂದಳು ಮೆಲ್ಲಗೆ, “ನವಮಿ ದಿವ್ಸ ಲಿಂಬಿಹಣ್ಣ ಕೊಯ್ದ ಮ್ಯಾಲೆ ಚೂರಿ ಎದಕ್ಕ ಒರಸ್ತೀರಿ?”

“ಜಗಲಿ ಅರಿವಿಗೆ.”

“ಆ ಅರಿವಿ ಒಗೀತೀರೇನ್ರಿ?”

“ಒಗಿಯಂಗಿಲ್ಲವಾ. ನಮ್ಮತ್ತಿ ಕಾಲದ ಅರಿವಿ ಅದು. ವರ್ಷಾ ಒಂದೊಂದ ಕಡೆ ಒರಸಿ, ಮಡಚಿ ಇಡೋದು. ಚೂರಿ ಉಂಡದ್ದು ದೇವರ ಹತ್ರನ ಇರಬೇಕು ಅಂತ.”

“ಅದನ್ನ ಒಮ್ಮೆ ತೋರಸ್ರಿ.”

ಮುರಿಗೆವ್ವ ಕೂಡಲೇ ಏಳಲಿಲ್ಲ. ಮಕ್ಕಳ ಮುಖ ನೋಡಿದಳು, ಸಿತಾರಾಳ ಮುಖ ನೋಡಿದಳು, ಆಮೇಲೆ ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ಆಕೆ ಬರುವವರೆಗೆ ಸಿತಾರಾ ಬೆಳಗಿನ ಎರಡು ಮಾತುಕತೆಗಳನ್ನು ಮತ್ತೆ ಮೆಲುಕು ಹಾಕಿದಳು. ಮೊದಲನೆಯದು ಠಾಣೆಯಲ್ಲಿ. ಮುಕ್ತಾರ ಒಳ್ಳೆಯ ಮಾತುಗಾರ. ಕಲ್ಲಿನ ಬಗ್ಗೆ, ಎಣ್ಣೆಯ ಬಗ್ಗೆ, ಪೊಲೀಸರ ಸಪ್ಪೆ ಚಹಾದ ಬಗ್ಗೆ ಕೂಡ ಮಾತಾಡಿದ. “ಹಿಡಿಕಿ ಬಿಚ್ಚಿದಾಗ ಒಳಗ ಏನಿತ್ತೋ?” ಎಂದು ಕೇಳಿದ್ದೇ ತಡ, ಅವನ ಬಾಯಿಗೆ ಬೀಗ ಬಿತ್ತು. ಎಷ್ಟು ಕೇಳಿದರೂ “ನಾ ಏನೂ ಹೇಳಂಗಿಲ್ರಿ” ಎಂದು ನೆಲ ನೋಡತೊಡಗಿದ. ಇನ್‌ಸ್ಪೆಕ್ಟರಿಗೆ ಅಷ್ಟೇ ಸಾಕಾಗಿತ್ತು. ಕಳ್ಳ ಅಲ್ಲದವ ಯಾಕೆ ಸುಮ್ಮನಿರುತ್ತಾನೆ?

ಎರಡನೆಯದು ಕಮರಿಪೇಟೆಯಲ್ಲಿ, ಮಕಬೂಲಸಾಬನ ಅಂಗಡಿಯಲ್ಲಿ. ಸಾಣೆಕಲ್ಲು ಸುಮ್ಮನೆ ನಿಂತಿತ್ತು. ಮುದುಕ ಮಗನ ಸ್ಟೂಲನ್ನು ಸುಮ್ಮಸುಮ್ಮನೆ ಒರೆಸುತ್ತಿದ್ದ.

“ಅಸಲಿ ಸಿಕ್ರ ಹೆಂಗ ಗುರ್ತ ಹಿಡೀಲಿ ಕಾಕಾ?” ಎಂದು ಅವಳು ಕೇಳಿದ್ದಳು.

“ಹಿಡಿಕಿಯೊಳಗ ಹೋಗೋ ಬಾಲದ ಮ್ಯಾಲೆ ಸೂರ್ಯ ಚಂದ್ರ ಕೊರದಾರ ಬೇಟಾ. ನಕಲಿ ಮಾಡಾಂವ ಅದನ್ನ ಕೊರಿಯಂಗಿಲ್ಲ. ಯಾರಿಗೂ ಕಾಣಂಗಿಲ್ಲಲ್ಲ!”

ಒಳ್ಳೆಯ ಗುರುತು ಎಂದು ಅವಳು ನೆನಪಿನಲ್ಲಿ ಇಟ್ಟುಕೊಂಡಿದ್ದಳು.

ಮುರಿಗೆವ್ವ ಅರಿವೆ ತಂದು ಟೀಪಾಯಿಯ ಮೇಲೆ ಬಿಚ್ಚಿದಳು. ಒಂದು ಕಾಲಕ್ಕೆ ಬಿಳಿಯಾಗಿದ್ದ, ಈಗ ಹಾಲಿನ ಕೆನೆ ಬಣ್ಣಕ್ಕೆ ತಿರುಗಿದ ಉದ್ದನೆಯ ಬಟ್ಟೆ. ಒಂದು ಅಂಚಿನಿಂದ ಶುರುವಾಗಿ ಸಾಲು ಸಾಲಾಗಿ ಕಲೆಗಳು. ಪ್ರತಿಯೊಂದರಲ್ಲೂ ಕುಂಕುಮದ ಕೆಂಪು, ಅದರ ಸುತ್ತ ಮಸಿಯಂಥ ಬೂದು ಕಪ್ಪು. ಹಳೆಯ ಕಲೆಗಳಲ್ಲಿ ಆ ಕಪ್ಪು ತುಕ್ಕಿನ ಬಣ್ಣಕ್ಕೆ ಹೊರಳಿತ್ತು.

“ಈ ಕಪ್ಪು ಏನಂತ ಗೊತ್ತೇನ್ರಿ?” ಸಿತಾರಾ ಕೇಳಿದಳು. “ನಿಮ್ಮ ಚೂರಿನ ಅದು. ಸ್ಟೇನ್‌ಲೆಸ್ ಅಲ್ಲದ ಯಾವ ಉಕ್ಕಿಗಾದ್ರೂ ಲಿಂಬಿಹುಳಿ ತಾಗಿದ್ರ ಉಕ್ಕು ಒಂಚೂರು ಕರಗತೈತಿ. ಒರಸಿದ್ರ ಅರಿವಿಗೆ ಹತ್ತತೈತಿ. ಅಡಗಿ ಮನ್ಯಾಗಿನ ಹಳೇ ಈಳಗಿ ತರಸ್ರಿ, ಇಲ್ಲೇ ತೋರಸ್ತೇನಿ.”

ಈಳಿಗೆ ಬಂತು. ನಿಂಬೆಹಣ್ಣಿನ ಉಳಿದ ಹೋಳನ್ನು ಅದರ ಮೇಲೆ ಒತ್ತಿ ಎಳೆದು, ಸ್ವಲ್ಪ ಹೊತ್ತು ಬಿಟ್ಟು, ಕರವಸ್ತ್ರದ ಇನ್ನೊಂದು ಮೂಲೆಗೆ ಒರೆಸಿದಳು. ಬೂದು ಕಪ್ಪು ಗೆರೆ ಎದ್ದು ಕಂಡಿತು. ರಾಜಶೇಖರ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ.

“ಈಗ ಈ ವರ್ಷದ ಕಲಿ ಎಲ್ಲೈತಿ ತೋರಸ್ರಿ ಅವ್ವಾರ.”

ಮುರಿಗೆವ್ವ ಬೆರಳಿಟ್ಟಳು. ಸಾಲಿನ ಕೊನೆಯದು. ಕುಂಕುಮ ಇನ್ನೂ ಕೆಂಪಗಿತ್ತು. ರಸ ಒಣಗಿದ ತೆಳು ಹಳದಿ ಉಂಗುರವೂ ಇತ್ತು. ಕಪ್ಪು ಮಾತ್ರ ಇರಲಿಲ್ಲ. ಹುಡುಕಿದರೂ ಇರಲಿಲ್ಲ.

ರಾಜಶೇಖರ ಆ ಜಾಗವನ್ನು ಬೆರಳಿನಿಂದ ತಡವಿ ನೋಡಿದ.

“ಈ ಸಲದ ಲಿಂಬಿಹಣ್ಣಿನ್ಯಾಗ ರಸಾನ ಇರಲಿಲ್ಲೇನೋ,” ಎಂದ ರಾಜಶೇಖರ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

“ರಸ ಇತ್ತು, ಉಂಗರಾ ಬಿದ್ದೈತಿ ನೋಡ್ರಿ. ಉಕ್ಕು ಬ್ಯಾರೆ ಇತ್ತು. ನವಮಿ ದಿವ್ಸ ನೀವ ನಿಮ್ಮ ಕೈಯಾರೆ ಪೂಜಿ ಮಾಡಿದ್ದು ಈ ನಕಲಿಗೆ ಸಾವಕಾರ. ಮುಕ್ತಾರ ಇದನ್ನ ಮುಟ್ಟಿದ್ದು ಮರುದಿವ್ಸ. ಅಂವ ಬದ್ಲಿ ಮಾಡಾಕ ಇಲ್ಲಿ ಅಸಲಿನ ಇರಲಿಲ್ಲ.”

ಸಿತಾರಾ ಸೋಫಾಗೆ ಒರಗಿದಳು. ಇಂಥ ಗಳಿಗೆಗಾಗಿಯೇ ಅವಳು ಈ ಕೆಲಸ ಮಾಡುತ್ತಿದ್ದಳು. ಯಾರಾದರೂ ಕೇಳಿದರೆ ನ್ಯಾಯ, ಸತ್ಯ ಎಂದೆಲ್ಲ ಹೇಳುತ್ತಿದ್ದಳು, ಆದರೆ ಎದುರಿಗೆ ಕುಳಿತವರ ಮುಖದ ಬಣ್ಣ ಬದಲಾಗುವುದನ್ನು ನೋಡುವ ಸುಖವೇ ಬೇರೆ.

ರಾಜಶೇಖರ ತಮ್ಮನ ಕಡೆ ತಿರುಗಿದ. “ಗಿರಾಕಿ ತಂದಾಂವ ನೀನ. ಮನ್ಯಾಗ ಅದರ ಬೆಲಿ ಗೊತ್ತಿದ್ದಾಂವ ನೀ ಒಬ್ಬನ.”

“ನನಗ ಬೇಕಾಗಿದ್ರ ಗಿರಾಕಿಗೆ ನಕಲಿ ತೋರ್ಸಿ ಬೈಸ್ಕೊಂತಿದ್ನೇನ? ಸ್ವಲ್ಪ ತಲಿ ಓಡ್ಸಣ್ಣಾ,” ಶಶಿಕುಮಾರ ಎದ್ದು ನಿಂತ. “ಮತ್ತ ಜಗಲಿ ಕೀಲಿ ನನ್ನ ಕಡೆ ಎಲ್ಲೈತಿ? ಅದು ಯಾವತ್ತೂ ಅವ್ವನ...”

ಮಾತು ಅಲ್ಲಿಗೇ ನಿಂತಿತು. ಇಬ್ಬರೂ ತಾಯಿಯ ಕಡೆ ನೋಡಿ, ನೋಡಿದ್ದೇ ತಪ್ಪಾಯಿತೆಂಬಂತೆ ಮುಖ ತಿರುಗಿಸಿದರು.

“ಜಗಳಾ ಆಮ್ಯಾಲೆ ಮಾಡ್ರಿ,” ಸಿತಾರಾ ನಡುವೆ ಬಂದಳು. “ಮೊದಲ ಠಾಣೇಕ ಫೋನ್ ಹಚ್ರಿ. ಮಾಡದ ತಪ್ಪಿಗೆ ಒಬ್ಬ ಹುಡುಗ ಅಲ್ಲಿ ಕುಂತಾನ. ನಿಮ್ಮ ದೂರನ್ನ ನೀವ ಹಿಂದಕ ತಗೋಬೇಕು.”

ರಾಜಶೇಖರ ಹಟಮಾರಿ ನಿಜ, ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನುವ ಜಾತಿಯವನಲ್ಲ. ಅರಿವೆಯನ್ನು ಇನ್ನೊಮ್ಮೆ ನೋಡಿ, ಕನ್ನಡಕ ತೆಗೆದ. “ತಪ್ಪಾತ್ರಿ ಮೇಡಂ. ಈಗ ಹಚ್ಚತೇನಿ.” ಒಳಗೆ ಸಿಗ್ನಲ್ ಸರಿ ಬರುವುದಿಲ್ಲವೆಂದು ಅಂಗಳಕ್ಕೆ ನಡೆದ. ಶಶಿಕುಮಾರನೂ ಹಿಂದೆಯೇ ಹೋದ.

ಸಿತಾರಾ ಚೂರಿಯನ್ನು ಅರಿವೆಯ ಪಕ್ಕ ಇಟ್ಟಳು. ಹಿಡಿಕೆ ಹಳೆಯದು, ಕೈಯಾಡಿ ಆಡಿ ನುಣುಪಾದ ಕರಿ ಮರ. ಅಲಗು ಹೊಸದು, ಹಿಡಿಕೆ ಮಾತ್ರ ಅಸಲಿ.

“ಅವ್ವಾರ, ಈ ಹಿಡಿಕಿ ಮೊದಲ ಯಾವಾಗರ ಬಿಚ್ಚಿದ್ರೇನ್ರಿ? ಮುಕ್ತಾರಗ ಕೊಡೋಕಿಂತ ಮೊದಲ?”

“ಇಲ್ಲವಾ. ಅರಗ ಹಾಕಿ ಕೂಡ್ಸಿದ್ದದು. ನಮ್ಮತ್ತಿ ಕಾಲದಾಗೂ ಬಿಚ್ಚಿಲ್ಲ, ನಾ ಬಂದ ಮ್ಯಾಲೂ ಬಿಚ್ಚಿಲ್ಲ.”

ಸಿತಾರಾ ಚೂರಿಯನ್ನು ಮತ್ತೆ ಎತ್ತಿ ಹಿಡಿಕೆಯನ್ನು ನೋಡಿದಳು.

ಯಾರೂ ಬಿಚ್ಚದ ಹಿಡಿಕೆ. ಹಾಗಾದರೆ ಅದರೊಳಗಿನ ಸೂರ್ಯ ಚಂದ್ರರನ್ನು ಮಕಬೂಲಸಾಬ ನೋಡಿದ್ದು ಯಾವಾಗ?

ಉತ್ತರ ಒಂದೇ. ಅಸಲಿ ಅಲಗಿನಿಂದ ಹಿಡಿಕೆಯನ್ನು ಬಿಚ್ಚಿ ಈ ನಕಲಿಗೆ ಕೂಡಿಸಿದವನು ಅವನೇ. ಒಳಗೆ ಅರಗಿನ ಬದಲು ಅಪ್ಪನ ಕೈಕೆಲಸ ಕಂಡದ್ದಕ್ಕೇ ಮುಕ್ತಾರನ ಬಾಯಿಗೆ ಬೀಗ ಬಿದ್ದದ್ದು. ಅಪ್ಪನ ಹೆಸರು ಹೊರಗೆ ಬರಬಾರದೆಂದು ಮಗ ಠಾಣೆಯಲ್ಲಿ ಕುಳಿತಿದ್ದಾನೆ. ಮಗನನ್ನು ಬಿಡಿಸು ಎಂದು ಕಾಲಿಗೆ ಬಿದ್ದ ಅಪ್ಪ ತನ್ನ ಬಾಯಿ ಬಿಟ್ಟಿಲ್ಲ. ಇಬ್ಬರ ನಡುವೆ ತನ್ನನ್ನು ಚೆನ್ನಾಗಿ ಕುಣಿಸಿದರಲ್ಲ ಎಂದು ಸಿತಾರಾಳಿಗೆ ಸಿಟ್ಟು ಬಂತು. ಆದರೆ ಮಕಬೂಲಸಾಬ ಈ ಮನೆಯ ಜಗಲಿಯ ಬೀಗ ಒಡೆಯುವ ಮನುಷ್ಯನಲ್ಲ. ಕೀಲಿ ತೆಗೆದು ಕೊಟ್ಟವರು ಬೇರೆ ಇದ್ದಾರೆ.

ಅವಳು ಎದ್ದು ಹೋಗಿ ಮುದುಕಿಯ ಪಕ್ಕ ನೆಲದ ಮೇಲೆ ಕುಳಿತಳು. “ಮಕಬೂಲ ಕಾಕಾಗ ಚೂರಿ ಕೊಟ್ಟಾರು ನೀವ. ಹೌದಿಲ್ರಿ?”

ಮುರಿಗೆವ್ವನ ಕಣ್ಣಲ್ಲಿ ನೀರು ತುಂಬಿತು. ಅಂಗಳದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಶ್ರಾವಣದಾಗ ಈಳಗಿ ಸಾಣಿ ಹಿಡೀಲಿಕ್ಕಂತ ಕರಿಸಿದ್ದೆ. ಇವು ಇಬ್ರೂ ಪುಣೇದವರ ಕೂಡ ಮಾತಾಡೋದ ಕಿವಿಗೆ ಬಿದ್ದಿತ್ತು. ದೇವರ ಮುಂದಿಂದ ಮಾರತಾರಂತ! ಇಂಥಾದ ಇನ್ನೊಂದ ಮಾಡಿಕೊಡಪಾ, ಇದನ್ನ ನಿನ್ನ ಕಡೆ ಇಟ್ಕೊ ಅಂದೆ. ಆಂವ ಒಲ್ಲೆನ ಅಂದ. ನಾನ ಕೈ ಮುಗದೆ. ಯಾರಿಗೂ ಹೇಳಂಗಿಲ್ಲ ಅಂತ ಜಗಲಿ ಮುಂದ ಆಣಿ ಮಾಡಿಸಿದೆ.”

“ಈ ಉಕ್ಕು ಯಾಕ ಹಾಕಿದ್ರು? ಅವರಂಥಾ ಕೆಲಸಗಾರರು ಸಾದಾ ಉಕ್ಕ ಹಾಕಿದ್ರ ಈ ಅರಿವಿಗೂ ಗೊತ್ತಾಗತಿರಲಿಲ್ಲ.”

“ನನ್ನ ಕೈಲೆ ತಿಕ್ಕೋದ ನೀಗವಲ್ದು ಮಕಬೂಲ, ಭಾಳ ತುಕ್ಕ ಹಿಡೀತೈತಿ ಅಂದಿದ್ದೆ ಒಮ್ಮೆ. ನನ್ನ ಕೈನೋವ ನೆನಪಿಟ್ಟು, ತುಕ್ಕ ಹಿಡೀಲಾರದ್ದ ಹಾಕ್ಯಾನ.”

ಮುದುಕಿಯ ಮೇಲಿನ ಮರುಕಕ್ಕೆ ಒಳ್ಳೆಯ ಉಕ್ಕು ಹುಡುಕಿ ಹಾಕಿದ ಸಾಣೆಗಾರ ನಿಂಬೆಹಣ್ಣನ್ನು ಮರೆತಿದ್ದ. ಸಿತಾರಾಳ ಸಿಟ್ಟು ಅರ್ಧ ಇಳಿಯಿತು.

“ಆ ಹುಡುಗನ್ನ ಒಯ್ದಾರಂತ ನನಗ ಗೊತ್ತಿರಲಿಲ್ಲವಾ,” ಮುರಿಗೆವ್ವ ಅವಳ ಕೈ ಹಿಡಿದಳು. “ಗೊತ್ತಿದ್ರ ಆವಾಗ ಹೇಳತಿದ್ದೆ. ಈಗ ನನ್ನ ಮಕ್ಕಳಿಗೆ ನಾನ ಹೇಳತೇನಿ. ಮಕಬೂಲನ್ನ ಮಾತ್ರ ಕಳ್ಳ ಅನ್ನಿಸಬ್ಯಾಡ.”

“ಯಾರೂ ಅನ್ನಂಗಿಲ್ಲ. ಅಸಲಿ ಚೂರಿ ತಂದು ಇದ ಅರಿವಿ ಮ್ಯಾಲೆ ಇಟ್ರ ಎಲ್ಲಾ ಮುಗೀತು. ನಾ ಇದ್ದೇನಲ್ರಿ, ನೀವ ಯಾಕ ಅಂಜತೀರಿ?”

ಅವಳು ಮಕಬೂಲಸಾಬನಿಗೆ ಫೋನು ಹಚ್ಚಿದಳು. ಮೊದಲ ರಿಂಗಿಗೇ ಎತ್ತಿದ.

“ಕಾಕಾ, ಅವ್ವಾರು ಎಲ್ಲಾ ಹೇಳಿದ್ರು. ನಿಮ್ಮ ಆಣಿ ಮುಗೀತು. ಮುಕ್ತಾರನ್ನ ಬಿಡಾಕತ್ತಾರ. ಅಸಲಿ ತಗೊಂಡ ಸೀದಾ ಇಲ್ಲಿ ಬರ್ರಿ.”

ಆ ಕಡೆಯಿಂದ ಉದ್ದನೆಯ ಉಸಿರು ಕೇಳಿತು. “ಬಂದೆ ಬೇಟಾ. ಬಂದೆ. ಇಲ್ಲೇ ಪೆಟಿಗ್ಯಾಗ ಐತಿ.” ಕಬ್ಬಿಣದ ಮುಚ್ಚಳ ಕಿರುಗುಟ್ಟಿತು. ಏನೇನೋ ಸರಿಸುವ, ಎತ್ತಿಡುವ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ.

“ಕಾಕಾ?”

“ಸಿತಾರಾ,” ಮುದುಕನ ದನಿ ಗುರುತೇ ಸಿಗದಂತಾಗಿತ್ತು. “ಸುತ್ತಿದ ಅರಿವಿ ಐತಿ. ಒಳಗ ಚೂರಿ ಇಲ್ಲ.”

“ಕಡೀಕ ಯಾವಾಗ ನೋಡಿದ್ರಿ?”

“ದಸರಾ ದಿವ್ಸ. ಎಣ್ಣಿ ಹಚ್ಚಿ ಇಟ್ಟಿದ್ದೆ. ಪೆಟಿಗಿಗೆ ಬೀಗ ಹಂಗ ಐತಿ ಬೇಟಾ, ಯಾರೂ ಒಡದಿಲ್ಲ.”

ಸಿತಾರಾ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಮುರಿಗೆವ್ವನ ಕಡೆ ತಿರುಗಿದಳು.

“ಅವ್ವಾರ, ಅಸಲಿ ಕಾಕಾನ ಕಡೆ ಐತಿ ಅಂತ ಇನ್ನ ಯಾರಿಗೆ ಹೇಳಿದ್ರಿ? ನೆನಪ ಮಾಡ್ಕೊಂಡ ಹೇಳ್ರಿ.”

“ಯಾರಿಗೂ ಹೇಳಿಲ್ಲವಾ. ಒಬ್ಬಂವ ತಾನ ಬಂದ ಕೇಳಿದ. ಹಿಡಿಕಿ ಕೂಡ್ಸಿ ತಂದ ಕೊಡುವಾಗ, ‘ಅವ್ವಾರ, ಇದು ನಮ್ಮಪ್ಪನ ಕೆಲಸ, ಅಸಲಿ ಎಲ್ಲೈತಿ?’ ಅಂದ. ಅಂಜಿ ಎಲ್ಲಾ ಹೇಳಿಬಿಟ್ಟೆ. ಮನೀ ಹುಡುಗ ಇದ್ದಂಗ ಅಲ್ಲನ ಅಂವ?”

“ಮುಕ್ತಾರ?”

ಮುದುಕಿ ಹೌದೆಂದು ತಲೆಯಾಡಿಸಿದಳು.

ಅಷ್ಟರಲ್ಲಿ ರಾಜಶೇಖರ ಒಳಗೆ ಬಂದ. ಮುಖದ ಮೇಲೆ, ದೊಡ್ಡ ತಪ್ಪನ್ನು ತಿದ್ದಿಕೊಂಡವನ ಸಮಾಧಾನ.

“ಆತ್ರಿ ಮೇಡಂ, ಬಿಟ್ಟರಂತ. ನಮ್ಮ ಪರಿಚಯದ ಹವಾಲ್ದಾರನೇ ಫೋನ್ ಎತ್ತಿದ್ದ. ಮನೀಮಟಾ ಬಿಟ್ಟ ಬಾ ಅಂದ್ರ, ಹುಡುಗ ಒಲ್ಲೆ ಅಂತ ಆಗಳೇ ಹೊರಬಿದ್ದನಂತ. ಕಮರಿಪ್ಯಾಟಿ ಕಡೆ ಅಲ್ರಿ, ರೈಲ್ವೆ ಸ್ಟೇಷನ್ ಕಡೆ ಆಟೋ ಹಿಡ್ದಾನಂತ. ಯಾಕಂತ?”

ಸಿತಾರಾಳ ಕೈಯಲ್ಲಿ ಫೋನು ಇನ್ನೂ ಚಾಲೂ ಇತ್ತು. ಅದರೊಳಗಿಂದ ಮಕಬೂಲಸಾಬನ ದನಿ ಮತ್ತೆ ಮತ್ತೆ ಕೇಳುತ್ತಿತ್ತು.

“ಬೇಟಾ, ಏನಂದ್ರು? ಬಿಟ್ರೇನ ನನ್ನ ಮಗನ್ನ? ಮನೀಗಿ ಬರಾಕತ್ತಾನೇನ?”